ಫ್ಯಾಮಿಲಿ ಹ್ಯಾಜ್, ಫ್ಯಾಮಿಲಿ ಹ್ಯಾವ್

ಅನಂತ ಕಾಮಾಲೆಯಿಂದ ತೀರಿಕೊಂಡಾಗ ಅವನ ಹೆಂಡತಿ ವಿಮಲಾಬಾಯಿಗೆ ಮೂವತ್ಮೂರು ವರ್ಷ, ಮಗಳು ಮಂದಾಕಿನಿಗೆ ಹತ್ತು. ಅದು ೧೯೭೯ರ ಜನವರಿ. ಶಿರಹಟ್ಟಿಯ ಸರ್ಕಾರಿ ಕಚೇರಿಯೊಂದರಲ್ಲಿ ಅನಂತ ಕಾರಕೂನನಾಗಿದ್ದ. ಲಕ್ಷ್ಮೇಶ್ವರದ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಕಣ್ಣು ಹಳದಿಯಾದ ಮೇಲೂ ಎಂಟು ದಿನ ಕೆಲಸಕ್ಕೆ ಹೋದ. ನಾಟಿ ಔಷಧಿ, ಪಥ್ಯ ಎಂದು ಮತ್ತೆ ಹತ್ತು ದಿನ ಹೋಯಿತು. ಗದಗಿನ ದವಾಖಾನೆಗೆ ಸೇರಿಸಿದ ಮೂರನೆಯ ದಿನ ಹೆಣ ಮನೆಗೆ ಬಂತು.

ತಿಂಗಳು ಕಳೆದ ಮೇಲೆ ವಿಮಲಾಬಾಯಿಯನ್ನು ಭಾವ ದತ್ತಾತ್ರಿ ಗದಗಿನ ಮೇಲಿನ ಕಚೇರಿಗೆ ಕರೆದುಕೊಂಡು ಹೋದ. ದತ್ತಾತ್ರಿ ಅನಂತನ ಅಣ್ಣ; ಊರ ದೇವಸ್ಥಾನವೊಂದರಲ್ಲಿ ತಲೆತಲಾಂತರದಿಂದ ಬಂದ ಪೂಜೆ ಅವನದು. ಕಚೇರಿಯ ಹೆಡ್‌ಕ್ಲರ್ಕ್ ಚನ್ನಬಸವಣ್ಣ ಇಬ್ಬರನ್ನೂ ಕೂರಿಸಿ ನೀರು ಕೊಟ್ಟು ಹೇಳಿದರು:

“ಬಾಯಾರ, ಗಂಡ ತೀರಿಕೊಂಡ್ರ ಹೆಂಡತಿಗೆ ನೌಕರಿ ಕೊಡಾಕ ಬರತೈತ್ರಿ. ಆದ್ರ ಒಂದ ವರ್ಷದಾಗ ಎಲ್ಲಾ ಕಾಗದ ಮುಟ್ಟಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿದ್ರ ಕಾರಕೂನಕಿ. ಇಲ್ಲಾಂದ್ರ ಸಿಪಾಯಿ ಕೆಲಸ.”

ವಿಮಲಾಬಾಯಿ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಕಾಗದ ತೆಗೆದಳು. ೧೯೬೩ರ ಅಂಕಪಟ್ಟಿ, ಮುಂಡರಗಿಯ ಹೈಸ್ಕೂಲಿನದು. ಕನ್ನಡಕ್ಕೆ ಅರವತ್ತೊಂದು, ಗಣಿತಕ್ಕೆ ನಲವತ್ತು, ಇಂಗ್ಲೀಷಿಗೆ ಇಪ್ಪತ್ನಾಲ್ಕು. ಇಪ್ಪತ್ನಾಲ್ಕರ ಕೆಳಗೆ ಕೆಂಪು ಗೆರೆ. ಆ ವರ್ಷವೇ ಅವಳ ಮದುವೆ ಆಗಿತ್ತು. ಮತ್ತೊಮ್ಮೆ ಪರೀಕ್ಷೆಗೆ ಕೂರುವ ಮಾತನ್ನು ಯಾರೂ ಎತ್ತಿರಲಿಲ್ಲ.

“ಇದೊಂದ ವಿಷಯ ಐತಲ್ಲ,” ಅಂದರು ಚನ್ನಬಸವಣ್ಣ. “ಅಕ್ಟೋಬರ್‌ದಾಗ ಕಟ್ರಿ. ಡಿಸೆಂಬರ್‌ದಾಗ ರಿಜಲ್ಟ್ ಬರತೈತಿ. ಜನವರಿ ಒಳಗ ನಂಗ ತಂದು ಕೊಡ್ರಿ. ಅದೊಂದ ಸಲ ಐತಿ ನೋಡ್ರಿ ನಿಮಗ, ಎರಡನೇ ಸಲ ಇಲ್ಲ.”

ತಿರುಗಿ ಬರುವಾಗ ಬಸ್ಸು ಮಲ್ಲಸಮುದ್ರ ದಾಟಿತು. ದತ್ತಾತ್ರಿ ಕಿಟಕಿಯ ಹೊರಗೆ ನೋಡುತ್ತಲೇ ಅಂದ:

“ಕಾರಕೂನಕಿ ಸಿಕ್ರ ಮಾಡು. ಕೂತು ಬರಿಯೂ ಕೆಲಸ, ನಾಕ ಮಂದಿ ಏನೂ ಅನ್ನೂದಿಲ್ಲ. ಸಿಪಾಯಿ ಕೆಲಸದ ಮಾತು ಮಾತ್ರ ಮನಿಯೊಳಗ ತೆಗೀಬ್ಯಾಡ. ನಮ್ಮ ಮನೀ ಹೆಣ್ಣಮಗಳು ಕಂಡವರ ಎಂಜಲಾ ಕಪ್ಪು ತೊಳೀಬೇಕೇನು? ನಾ ದೇವರ ಮುಂದ ಹೆಂಗ ನಿಂದರ್ಲಿ?”

“ಪಾಸ್ ಆಗದಿದ್ರ, ಭಾವನವರ?”

“ಆಗದಿದ್ರ ವೆಂಕಟೇಶ ಇದ್ದಾನ,” ಅಂದ.

ವೆಂಕಟೇಶ ಅವನ ಮಗ. ಇಪ್ಪತ್ತು ವರ್ಷದವನು, ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ ಗದಗಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದ. ವೆಂಕಟೇಶ ಇದ್ದಾನೆ ಎಂದರೆ ಅವನು ತನ್ನನ್ನೂ ಮಗಳನ್ನೂ ನೋಡಿಕೊಳ್ಳುತ್ತಾನೆ ಎಂಬ ಅರ್ಥವೆಂದು ವಿಮಲಾಬಾಯಿ ತಿಳಿದಳು. ನೋಡಿಕೊಳ್ಳುವುದು ಹೇಗಿರುತ್ತದೆ ಎಂದು ಒಂದೇ ತಿಂಗಳಲ್ಲಿ ಅವಳಿಗೆ ಗೊತ್ತಾಗಿತ್ತು. ಮಂದಾಕಿನಿಗೆ ಎರಡನೆಯ ಸಲ ತುಪ್ಪ ಬಡಿಸುವಾಗ ನೆಗೆಣ್ಣಿ ಸರಸ್ವತಿಬಾಯಿಯ ಕೈ ನಿಲ್ಲುತ್ತಿತ್ತು. “ಏಳನೇತ್ತೆ ಮುಗಿಸ್ಲಿ, ಸಾಕು. ಸಾಲಿ ಕಲಿತು ಏನ್ ಮಾಡೂದದ,” ಎಂದು ದತ್ತಾತ್ರಿ ಆಗಲೇ ಒಂದು ಸಲ ಅಂದಿದ್ದ.

ಇಂಗ್ಲೀಷ್ ಹೇಳಿಕೊಡುವವರು ಊರಲ್ಲಿ ಒಬ್ಬರೇ ಇದ್ದರು. ಹುಚ್ಚೀರಪ್ಪ ಮಾಸ್ತರು ಮುಂಡರಗಿಯಲ್ಲಿ ನಿವೃತ್ತರಾಗಿ ಹೆಂಡತಿಯ ತವರು ಲಕ್ಷ್ಮೇಶ್ವರಕ್ಕೆ ಬಂದು ನೆಲೆಸಿದ್ದರು. ಸಿಟ್ಟಿನ ಮನುಷ್ಯ ಎಂದು ಹೆಸರಾಗಿದ್ದರು. ಮಧ್ಯಾಹ್ನದ ಮುಸುರೆ ತಿಕ್ಕಿದ ಮೇಲೆ ಎರಡರಿಂದ ನಾಲ್ಕರವರೆಗೆ ಮಾತ್ರ ವಿಮಲಾಬಾಯಿಗೆ ಬಿಡುವು. ಆ ಬಿಸಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದು ಅವರ ಮನೆಯ ಪಡಸಾಲೆಗೆ ಹೋಗಿ ಕೂತಳು. ಮಾಸ್ತರರ ಹೆಂಡತಿ ಅಮೃತವ್ವ ಪಕ್ಕದಲ್ಲೇ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಪರಗಂಡಸಿನ ಹತ್ತಿರ ವಿಧವೆಯೊಬ್ಬಳು ಪಾಠಕ್ಕೆ ಬರುತ್ತಾಳೆಂದು ಮಂದಿ ಆಡಬಾರದು ಎಂದು ಆಕೆ ದಿನವೂ ಹಾಗೆ ಕೂತರು, ಯಾರೂ ಹೇಳದೆ.

“ಮೊದಲ ನೌನ್,” ಅಂದರು ಮಾಸ್ತರು. “ನೌನ್ ಅಂದ್ರ ಹೆಸರು. ಮನಶಾಂದು, ಊರಂದು, ವಸ್ತುಂದು. ನಮ್ಮ ಭಾಷಾದಾಗ ಹೆಸರಿಗೆ ಬಾಲ ಇರತಾವ. ‘ಎತ್ತು ಹುಡುಗನ್ನ ಹಾಯ್ತು’ ಅನ್ನು, ‘ಹುಡುಗನ್ನ ಎತ್ತು ಹಾಯ್ತು’ ಅನ್ನು, ಹಾದದ್ದು ಎತ್ತ. ಬಾಲ ಹೇಳತೈತಿ ಯಾರು ಯಾರಿಗೆ ಏನ್ ಮಾಡಿದ್ರು ಅಂತ. ಇಂಗ್ಲೀಷಿನಾಗ ಬಾಲ ಇಲ್ಲ. ಹೆಸರು ಎಲ್ಲಿ ನಿಂತೈತಿ ಅನ್ನೂದರ ಮ್ಯಾಲ ಅದರ ಕೆಲಸ. ಕ್ರಿಯಾಪದದ ಮುಂಚೆ ನಿಂತ್ರ ಮಾಡಾವ. ಹಿಂದ ನಿಂತ್ರ ಮಾಡಿಸಿಕೊಳ್ಳಾವ. ಜಾಗಾ ಅದಲಬದಲಾತಂದ್ರ ಹುಡುಗನ ಎತ್ತಿಗೆ ಹಾಯ್ತಾನ.”

ಅಮೃತವ್ವ ನಕ್ಕುಬಿಟ್ಟರು. ವಿಮಲಾಬಾಯಿ ನಗಲಿಲ್ಲ. ಹದಿನಾರು ವರ್ಷ ಇಂಗ್ಲೀಷ್ ಎಂದರೆ ಕತ್ತಲಕೋಣೆ ಎಂದುಕೊಂಡಿದ್ದವಳಿಗೆ ಒಳಗೆ ಒಂದು ಗೋಡೆ ಕೈಗೆ ತಾಕಿದ ಹಾಗಾಗಿತ್ತು.

ಏಪ್ರಿಲ್, ಮೇ ಹೀಗೆ ಹೋಯಿತು. ರೊಟ್ಟಿ ಬಡಿಯುವಾಗ ಬಾಯಲ್ಲಿ ಶಬ್ದ ಹೇಳಿಕೊಳ್ಳುತ್ತಿದ್ದಳು; ಹಂಚಿನ ಮೇಲಿನದು ಕರಕಾಗುತ್ತಿತ್ತು. ಅತ್ತೆ ಭಾಗೀರಥಿಬಾಯಿ ದೇವರ ಮನೆಯಿಂದಲೇ “ಏನೋ ಹೊತ್ತಲಿಕ್ಕೆ ಹತ್ತೇದ,” ಅನ್ನುತ್ತಿದ್ದರು, ಬೈಗಳಿಲ್ಲದ ಒಣ ದನಿಯಲ್ಲಿ. ಮಗ ಸತ್ತ ಮೇಲೆ ಆಕೆ ಬೇರೆ ಹೆಚ್ಚು ಮಾತನ್ನೇ ಆಡುತ್ತಿರಲಿಲ್ಲ.

ಜೂನಿನಲ್ಲಿ ಮಾಸ್ತರು ಕಲೆಕ್ಟಿವ್ ನೌನಿಗೆ ಬಂದರು.

“ಇದು ಪ್ರತಿ ವರ್ಷ ಬರತೈತಿ, ನಾಲ್ಕು ಮಾರ್ಕ್ಸ್ ಗ್ಯಾರಂಟಿ. ಹೆಸರು ಒಂದ, ಒಳಗ ಇರಾವ್ರು ಭಾಳ ಮಂದಿ. ಕುರಿ ನೂರು ಇರಲಿ, ಹಿಂಡು ಒಂದ. ಅದಕ್ಕ ಎ ಫ್ಲಾಕ್ ಆಫ್ ಶೀಪ್.”

“ಕೀಲಿಕೈ ಗೊಂಚಲ?”

“ಎ ಬಂಚ್ ಆಫ್ ಕೀಸ್.”

“ಕಟ್ಟಿಗಿ ಹೊರಿ?”

“ಎ ಬಂಡಲ್ ಆಫ್ ಸ್ಟಿಕ್ಸ್. ಜೇನಹುಳಕ್ಕ ಬ್ಯಾರೆ, ದನಕ್ಕ ಬ್ಯಾರೆ, ಮಂದಿಗೆ ಬ್ಯಾರೆ. ಬಾಯಿಪಾಠ ಮಾಡು. ಆದ್ರ ಕುತ್ತಿಗಿ ಹಿಡಿಯೂದು ಅಲ್ಲಲ್ಲ, ಇಲ್ಲಿ.” ಅವರು ಪಾಟಿಯ ಮೇಲೆ ಎರಡು ವಾಕ್ಯ ಬರೆದರು. “ಕಮಿಟಿ, ಟೀಮ್, ಫ್ಯಾಮಿಲಿ. ಎಲ್ಲಾರೂ ಸೇರಿ ಒಂದ ಮನಸಿನಿಂದ ಏನರ ಮಾಡಿದ್ರ ಅದು ಒಂದ ಆಕ್ಕೈತಿ. ಅವಾಗ ಹ್ಯಾಜ್. ದಿ ಫ್ಯಾಮಿಲಿ ಹ್ಯಾಜ್ ಡಿಸೈಡೆಡ್. ಒಳಗ ಒಬ್ಬೊಬ್ಬರದು ಒಂದೊಂದು ದಿಕ್ಕು ಆತಂದ್ರ, ಅವಾಗ ಅವರು ಭಾಳ ಮಂದಿ. ಹ್ಯಾವ್. ತಿಳೀತೇನು?”

ವಿಮಲಾಬಾಯಿ ಪಾಟಿಯ ಮೇಲಿನ ಮೊದಲ ವಾಕ್ಯದ ಮೇಲೆ ಬೆರಳಿಟ್ಟಳು.

“ಸರ, ಒಳಗ ಒಬ್ಬಾಕಿ ಸುಮ್ಮನ ಕೂತಿದ್ರ? ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಆಕೀನ್ನ ಯಾರೂ ಕೇಳೇ ಇಲ್ಲ. ಅವಾಗ ಹ್ಯಾಜೋ, ಹ್ಯಾವೋ?”

ಮಾಸ್ತರು ಕನ್ನಡಕ ತೆಗೆದರು. “ಅದು ಪುಸ್ತಕದಾಗ ಇಲ್ಲವ್ವ,” ಅಂದರು. “ಪರೀಕ್ಷಾದಾಗ ಬರೂದಿಲ್ಲ. ಮುಂದಿಂದು ನೋಡು.”

ಜುಲೈ ಕೊನೆಗೆ ಅವರು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ಮೂರು ತಾಸು ಬರೆಸಿದರು. ಅಂದು ಮನೆಯಲ್ಲಿ ಏಕಾದಶಿ, ಅಡುಗೆ ಇರಲಿಲ್ಲವಾಗಿ ಅವಳಿಗೆ ಅಷ್ಟು ಹೊತ್ತು ಸಿಕ್ಕಿತ್ತು. ಮಾಸ್ತರು ತಿದ್ದಿದಾಗ ಬಂದದ್ದು ಹತ್ತೊಂಬತ್ತು. ಪ್ರಬಂಧಕ್ಕೆ ಸೊನ್ನೆ, ಭಾಷಾಂತರಕ್ಕೆ ಎರಡು. ಹೆಸರುಗಳೆಲ್ಲ ಗೊತ್ತಿದ್ದವು, ಅವನ್ನು ಸಾಲಾಗಿ ನಿಲ್ಲಿಸಲು ಹೋದರೆ ಒಂದರ ಜಾಗದಲ್ಲಿ ಇನ್ನೊಂದು ಹೋಗಿ ನಿಲ್ಲುತ್ತಿತ್ತು. ಮಾಸ್ತರು ಕಾಗದವನ್ನು ನೆಲಕ್ಕೆ ಒಗೆದರು.

“ನಿನ್ನಿಂದ ಆಗೂದಿಲ್ಲ! ಐದನೇತ್ತೆ ಹುಡುಗರು ಬರದಾಂಗ ಬರದೀ. ಇಷ್ಟು ಕಚ್ಚಾ ಬುನಾದಿ! ಯಾವ ಗಂಡಸು ಕಲಿಸಿದ್ದ ನಿನಗ ಇಂಗ್ಲೀಷು?”

“ನೀವ ಕಲಿಸಿದ್ರಿ, ಸರ.”

ಅಮೃತವ್ವನ ಕೈ ಮೆಣಸಿನಕಾಯಿಯ ಮೇಲೇ ನಿಂತಿತು.

“ಮುಂಡರಗಿ ಸಾಲ್ಯಾಗ. ಅರವತ್ತೆರಡು, ಅರವತ್ಮೂರು,” ಅಂದಳು ವಿಮಲಾಬಾಯಿ. ಅವಳ ದನಿಯಲ್ಲಿ ಆರೋಪವಿರಲಿಲ್ಲ. “ನಾವು ನಾಕ ಹುಡುಗ್ಯಾರಿದ್ವಿ. ಗ್ರಾಮರ್ ತಾಸು ಬಂದ್ರ ನೀವು ‘ನಿಮಗ್ಯಾಕ ಇದು, ಹೊರಗ ಹೋಗಿ ಗಿಡಕ್ಕ ನೀರು ಹಾಕ್ರಿ’ ಅಂತಿದ್ರಿ. ಬಾವಿಯಿಂದ ಸೇದಿ ಬೇವಿನ ಗಿಡಕ್ಕ ಹಾಕ್ತಿದ್ವಿ. ಎರಡು ವರ್ಷ.”

ಹುಚ್ಚೀರಪ್ಪ ಮಾಸ್ತರು ಅವಳ ಮುಖ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ. ಅಂಥ ಹುಡುಗಿಯರು ಮೂವತ್ತು ವರ್ಷದಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಅವರು ಬಗ್ಗಿ ನೆಲದ ಮೇಲಿನ ಕಾಗದ ಎತ್ತಿಕೊಂಡು, ಮಡಿಕೆ ಬಿಡಿಸಿ ತೊಡೆಯ ಮೇಲೆ ಸವರಿದರು.

“ನೀ ಇವತ್ತ ಹೋಗು,” ಅಂದರು.

“ಎಲ್ಲಿ ಹೋಗ್ಲಿ ಸರ? ಎದ್ದು ಹೋದ್ರ ನಂಗ ಮತ್ತೊಂದು ಜಾಗಾ ಇಲ್ಲ.” ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಅಲ್ಲೇ ಅತ್ತಳು. ಗಂಡ ಸತ್ತಾಗ ಹತ್ತು ಮಂದಿಯ ನಡುವೆ ಅತ್ತದ್ದು ಬೇರೆ. ಇದು ಮೂಗು ಸೋರಿ, ಬಿಕ್ಕಿ, ಶಬ್ದ ಮಾಡಿ ಅತ್ತದ್ದು. ಅಮೃತವ್ವ ಖಾರದ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಅವಳ ಬೆನ್ನು ಹಿಡಿದು ಕೂತರು.

ಮರುದಿನ ವಿಮಲಾಬಾಯಿ ಹೋದಾಗ ಪಡಸಾಲೆಯಲ್ಲಿ ಮಾಸ್ತರು ಇರಲಿಲ್ಲ. ಗದಗಿಗೆ ಹೋಗಿದ್ದಾರೆ ಎಂದರು ಅಮೃತವ್ವ. ಹಿಂದಿನ ಎಂಟು ವರ್ಷದ ಪ್ರಶ್ನೆಪತ್ರಿಕೆಗಳನ್ನು ಹುಡುಕಿಕೊಂಡು ಮಾಸ್ತರು ಎರಡು ಅಂಗಡಿ, ಮೂರು ಶಾಲೆ ತಿರುಗಿದ್ದರು. ಅಂದಿನಿಂದ ಅವರು ಬೈಯಲಿಲ್ಲ. ಅದು ವಿಮಲಾಬಾಯಿಗೆ ಬೈಗಳಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ತನಗೆ ಆಗುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿದೆ, ಅದಕ್ಕೇ ಮೆತ್ತಗಾಗಿದ್ದಾರೆ ಎಂದುಕೊಂಡಳು.

ಪರೀಕ್ಷೆಯ ಕೇಂದ್ರ ಬೆಟಗೇರಿಯಲ್ಲಿ. ಮೊದಲ ಬಸ್ಸಿಗೆ ಹೊರಟು ಎಂಟಕ್ಕೇ ಮುಟ್ಟಿದಳು. ಎರಡು ತಾಸು ಶಾಲೆಯ ಕಟ್ಟೆಯ ಮೇಲೆ ಕೂತಿದ್ದಳು. ಸುತ್ತ ಇದ್ದವರೆಲ್ಲ ಹದಿನಾರು ಹದಿನೇಳರ ಹುಡುಗರು. ಒಬ್ಬ ಹುಡುಗಿ ಬಂದು “ಮಗಳನ್ನ ಕರಕೊಂಡು ಬಂದೀರೇನ್ರಿ?” ಎಂದು ಕೇಳಿದಳು. ಹೂಂ ಅಂದಳು. ಒಳಗೆ ಬೆಂಚು ಕಿರಿದು, ಮೊಣಕಾಲು ತಾಗುತ್ತಿತ್ತು. ಹಿಂದಿನ ಓಣಿಯಲ್ಲಿ ಕೈಮಗ್ಗಗಳ ಸಪ್ಪಳ ಒಂದೇ ಸಮನೆ ಕೇಳುತ್ತಿತ್ತು.

ಕಲೆಕ್ಟಿವ್ ನೌನ್ ನಾಲ್ಕು ಕೇಳಿದ್ದರು. ಕುರಿ ಬಂತು, ಕೀಲಿಕೈ ಬಂತು. ಮೂರನೆಯದು ಹಡಗುಗಳ ಗುಂಪಿಗೆ ಏನೆನ್ನುತ್ತಾರೆ ಎಂಬುದು. ಹಡಗನ್ನು ಅವಳು ಕಂಡಿರಲಿಲ್ಲ, ಕಂಡವರನ್ನೂ ಕಂಡಿರಲಿಲ್ಲ. ತುಂಬ ಹೊತ್ತು ಯೋಚಿಸಿ ಬಂಡಲ್ ಎಂದು ಬರೆದಳು. ನಾಲ್ಕನೆಯದು ವಾಕ್ಯ, ಜೂರಿ ಎಂಬ ಶಬ್ದದ ಮುಂದೆ ವಾಜ್ ಬರುತ್ತದೋ ವರ್ ಬರುತ್ತದೋ ತುಂಬಬೇಕಿತ್ತು. ಜೂರಿ ಎಂದರೆ ಏನೆಂದೇ ತಿಳಿಯಲಿಲ್ಲ. ಆದರೆ ಕೊನೆಯಲ್ಲಿ ಡಿವೈಡೆಡ್ ಎಂದಿತ್ತು. ಭಾಗಾಕಾರಕ್ಕೆ ಮಂದಾಕಿನಿಯ ಗಣಿತದ ಪುಸ್ತಕದಲ್ಲಿ ಆ ಶಬ್ದ ನೋಡಿದ್ದಳು. ಒಡೆದವರು, ಹಾಗಾದರೆ ಬಹಳ ಮಂದಿ. ವರ್ ಎಂದು ಬರೆದಳು. ಅಷ್ಟರಲ್ಲಿ ಅರ್ಧ ತಾಸು ಹೋಗಿತ್ತು. ಪ್ರಬಂಧ ಮುಗಿಯಲಿಲ್ಲ. ಭಾಷಾಂತರದ ಕೊನೆಯ ಎರಡು ವಾಕ್ಯ ಉಳಿದಿದ್ದಾಗ ಮೇಲ್ವಿಚಾರಕ ಬಂದು ಕಾಗದ ಎಳೆದುಕೊಂಡ. “ಒಂದ ನಿಮಿಷ್ರೀ,” ಎಂದಳು. ಆತ ಆಗಲೇ ಮುಂದಿನ ಬೆಂಚಿನಲ್ಲಿದ್ದ.

ಡಿಸೆಂಬರಿನ ಎರಡನೆಯ ವಾರ ಪತ್ರಿಕೆಯಲ್ಲಿ ನಂಬರುಗಳು ಬಂದವು. ವೆಂಕಟೇಶನೇ ಪೇಟೆಯಿಂದ ಪತ್ರಿಕೆ ತಂದು ಕಟ್ಟೆಯ ಮೇಲೆ ಹರಡಿದ. ವಿಮಲಾಬಾಯಿ ಬೆರಳಿಟ್ಟು ಸಾಲಾಗಿ ನೋಡುತ್ತ ಬಂದಳು. ಅವಳ ನಂಬರಿನ ಹಿಂದಿನದು ಇತ್ತು, ಮುಂದಿನದು ಇತ್ತು. ನಡುವೆ ಏನೂ ಇರಲಿಲ್ಲ. ಮತ್ತೊಮ್ಮೆ ಮೇಲಿನಿಂದ ನೋಡಿದಳು. ಮೂರನೆಯ ಸಲ ನೋಡುವಾಗ ವೆಂಕಟೇಶ “ಕಾಕೂ, ಬಿಡು,” ಎಂದು ಪತ್ರಿಕೆ ಮಡಚಿದ. ವಾರದ ಮೇಲೆ ಅಂಕಪಟ್ಟಿ ಬಂತು. ಮೂವತ್ಮೂರು. ಎರಡು ಅಂಕ ಕಡಿಮೆ.

ಆ ಎರಡು ಅಂಕ ಅವಳನ್ನು ತಿಂದುಹಾಕಿದವು. ಹತ್ತೊಂಬತ್ತೇ ಬಂದಿದ್ದರೆ ಸುಮ್ಮನಾಗುತ್ತಿದ್ದಳೇನೋ. ಹಡಗು, ಭಾಷಾಂತರದ ಎರಡು ವಾಕ್ಯ, ಕಟ್ಟೆಯ ಮೇಲೆ ಸುಮ್ಮನೆ ಕೂತು ಕಳೆದ ಎರಡು ತಾಸು ಎಲ್ಲವೂ ಮತ್ತೆ ಮತ್ತೆ ಎದುರು ಬಂದು ನಿಲ್ಲುತ್ತಿದ್ದವು. ನೀರು ಸೇದುವಾಗ ಹಗ್ಗ ಕೈಬಿಟ್ಟು ಕೊಡ ಬಾವಿಗೆ ಬಿತ್ತು. ಬಾವಿಯೊಳಗೆ ಬಗ್ಗಿ ನೋಡುತ್ತ ನಿಂತವಳು ಎಷ್ಟು ಹೊತ್ತು ಹಾಗೇ ನಿಂತಿದ್ದಳೋ, ಮಂದಾಕಿನಿ ಬಂದು ಸೀರೆ ಜಗ್ಗಿ “ಅವ್ವಾ, ಏನ್ ನೋಡ್ತೀ?” ಎಂದಳು. ವಿಮಲಾಬಾಯಿ ಹಿಂದಕ್ಕೆ ಸರಿದಳು. ಮಗಳ ಕೈ ಹಿಡಿದು ಒಳಗೆ ಬಂದವಳು ಆಮೇಲೆ ಎರಡು ದಿನ ಬಾವಿಯ ಕಡೆ ಹೋಗಲಿಲ್ಲ.

ಮರುಎಣಿಕೆಗೆ ಬರೆಯಬಹುದು, ಆದರೆ ಉತ್ತರ ಬರುವಷ್ಟರಲ್ಲಿ ವರ್ಷ ದಾಟುತ್ತದೆ ಎಂದು ಚನ್ನಬಸವಣ್ಣ ಪತ್ರ ಬರೆದು ತಿಳಿಸಿದರು. ಮಾಸ್ತರು ಅಂಕಪಟ್ಟಿಯನ್ನು ಇಸಿದುಕೊಂಡು ನೋಡಿದರು. “ನಾ ಇನ್ನೊಂದು ತಿಂಗಳ ಮೊದಲ ಶುರು ಮಾಡಬೇಕಾಗಿತ್ತು,” ಎಂದರು. ಆಮೇಲೆ “ಹದಿನೇಳು ವರ್ಷದ ಮೊದಲ,” ಎಂದು ತಾವೇ ತಿದ್ದಿದರು.

ಜನವರಿ ಮೊದಲ ವಾರ ಒಂದು ಮಧ್ಯಾಹ್ನ, ಊಟವಾದ ಮೇಲೆ, ದತ್ತಾತ್ರಿ ಅವಳನ್ನು ಪಡಸಾಲೆಗೆ ಕರೆದ. ಭಾಗೀರಥಿಬಾಯಿ ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತಿದ್ದರು. ವೆಂಕಟೇಶ ಬಾಗಿಲಲ್ಲಿ ನಿಂತಿದ್ದ. ದತ್ತಾತ್ರಿ ಟೈಪ್ ಮಾಡಿದ ಕಾಗದವೊಂದನ್ನು ಅವಳ ಮುಂದಿಟ್ಟ.

“ಕಚೇರಿಗೆ ಕೊಡೂ ಕಾಗದ. ಕೆಳಗ ಸಹಿ ಮಾಡು.”

“ಏನದ ಇದರೊಳಗ?”

“ಅನಂತನ ಸಂಬಂಧ ಬರಬೇಕಾದ್ದು. ನಿಂಗ್ಯಾಕ ಅದು, ಮಾಡು ಜಲ್ದಿ. ನಾಳೆ ಗದಗಿಗೆ ಹೊಂಟೀನಿ.”

ಹಿಂದಿನ ವರ್ಷವಾಗಿದ್ದರೆ ಮಾಡುತ್ತಿದ್ದಳು. ಹದಿನಾರು ವರ್ಷದಲ್ಲಿ ಈ ಮನೆಯಲ್ಲಿ ತೋರಿಸಿದ ಕಡೆಗೆಲ್ಲ ಸಹಿ ಮಾಡಿದ್ದಳು. ಆದರೆ ಎಂಟು ತಿಂಗಳ ಅಭ್ಯಾಸ, ಇಂಗ್ಲೀಷ್ ಅಕ್ಷರ ಕಂಡರೆ ಬೆರಳು ತಾನಾಗಿ ಸಾಲಿನ ಮೊದಲಿಗೆ ಹೋಗುತ್ತಿತ್ತು. ಕಾಗದವನ್ನು ಬೆಳಕಿಗೆ ಹಿಡಿದು ತುಟಿ ಅಲ್ಲಾಡಿಸುತ್ತ ಓದತೊಡಗಿದಳು. ಮೊದಲ ಸಾಲಿನಲ್ಲಿ ತನ್ನ ಹೆಸರು. ಆಮೇಲೆ ನಾಟ್ ವಿಲ್ಲಿಂಗ್. ಆಮೇಲೆ ಪೋಸ್ಟ್. ಎರಡನೆಯ ಸಾಲು ಅವಳಿಗೆ ನಿಧಾನವಾಗಿ ತಿಳಿಯುತ್ತ ಬಂತು. ದಿ ಫ್ಯಾಮಿಲಿ ಹ್ಯಾಜ್ ಡಿಸೈಡೆಡ್. ನಡುವೆ ಒಂದು ಉದ್ದ ಶಬ್ದ, ಅದು ಗೊತ್ತಿರಲಿಲ್ಲ. ಕೊನೆಗೆ ವೆಂಕಟೇಶನ ಹೆಸರು, ಅದರ ಜೊತೆ ಮತ್ತೆ ಪೋಸ್ಟ್.

“ನಾ ನೌಕರಿ ಒಲ್ಲೆ ಅಂತ ಬರದೀರಿ,” ಅಂದಳು. “ಅದನ್ನ ವೆಂಕಟೇಶಗ ಕೊಡ್ರಿ ಅಂತ.”

ಓದುತ್ತಾಳೆಂದು ದತ್ತಾತ್ರಿ ಎಣಿಸಿರಲಿಲ್ಲ.

“ಹೌದು, ಬರದೀನಿ. ತಪ್ಪೇನದ? ನೀ ಪಾಸ್ ಆಗಲಿಲ್ಲ. ನೌಕರಿ ಹಾಳಾಗಿ ಹೋಗೂದಕಿಂತ ಮನಿಯೊಳಗ ಉಳೀಲಿ. ಹೆಂಡತಿ ಒಲ್ಲೆ ಅಂದ್ರ ಮನಿ ಹುಡುಗಗ ಕೊಟ್ರೂ ಕೊಟ್ಟಾರು, ಕೇಳಿ ನೋಡೋಣ. ಗುಡಿಗೆ ಬರೂ ಮಂದಿ ಎಷ್ಟು ಉಳದಾರ? ನನ್ನ ಹಿಂದ ಇವಂಗೇನದ? ನಿನ್ನನ್ನ, ನಿನ್ನ ಮಗಳನ್ನ ಯಾರು ನೋಡಬೇಕು? ಇವನ ನೋಡಬೇಕಲ್ಲ?”

ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುತ್ತಿರಲಿಲ್ಲ ಅವನು, ಹೆದರಿದ್ದ. ಅದು ವಿಮಲಾಬಾಯಿಗೂ ಕಂಡಿತು. ಕಂಡರೂ ಅವಳ ಬೆರಳು ಆ ಎರಡನೆಯ ಸಾಲನ್ನು ಬಿಡಲಿಲ್ಲ.

“ಇಲ್ಲಿ ಹ್ಯಾಜ್ ಅಂತ ಅದ, ಭಾವನವರ.”

“ಏನು?”

“ಫ್ಯಾಮಿಲಿ ಹ್ಯಾಜ್. ಎಲ್ಲಾರೂ ಕೂಡಿ ಒಂದ ಮನಸಿನಿಂದ ಮಾಡೇವಿ ಅಂತ ಅದರ ಅರ್ಥ. ನನ್ನ ಯಾವಾಗ ಕೇಳಿದ್ರಿ?”

ಬಾಗಿಲಲ್ಲಿದ್ದ ವೆಂಕಟೇಶ ತಲೆ ಬಗ್ಗಿಸಿ, “ಕಾಕೂ, ನಾನ ಟೈಪ್ ಮಾಡೀನಿ. ಅಪ್ಪ ಹೇಳಿದ್ದು ಮಾಡೀನಿ,” ಎಂದ. ಅವನ ಕಿವಿ ಕೆಂಪಾಗಿದ್ದವು.

ಭಾಗೀರಥಿಬಾಯಿ ಬತ್ತಿಯ ಹತ್ತಿಯನ್ನು ಕೆಳಗಿಟ್ಟರು. “ಅದನ್ನ ಕನ್ನಡದೊಳಗ ಹೇಳು,” ಅಂದರು.

ವಿಮಲಾಬಾಯಿ ಬೆರಳಿಟ್ಟು, ತಡವರಿಸುತ್ತ, ಬಂದಷ್ಟನ್ನು ಹೇಳಿದಳು. ಗೊತ್ತಿಲ್ಲದ ಶಬ್ದ ಬಂದಾಗ ಇದು ಗೊತ್ತಿಲ್ಲ ಎಂದಳು. ಮುದುಕಿ ಪೂರ್ತಿ ಕೇಳಿ ದತ್ತಾತ್ರಿಯ ಕಡೆ ತಿರುಗಿದರು.

“ನನ್ನೂ ಕೇಳಿಲ್ಲಲ್ಲೋ, ದತ್ತಾ.”

“ಅವ್ವಾ, ನಿಂಗೇನ ತಿಳೀತದ ಇದರೊಳಗ?”

“ತಿಳಿಯೂದಿಲ್ಲ. ಆದ್ರ ಸತ್ತಾವ ನನ್ನ ಮಗ.”

ದತ್ತಾತ್ರಿ ಕಾಗದ ಕಸಿದುಕೊಂಡು ಎದ್ದ. “ಹಂಗಾದ್ರ ಏನ್ ಮಾಡ್ತೀ? ಕಾರಕೂನಕಿ ಹೋತು. ಸಿಪಾಯಿ ಆಗ್ತೀಯೇನು? ಆಗು! ಆ ಕೆಲಸಾ ಮಾಡಿ ಬಂದಾಕಿಗೆ ನನ್ನ ಅಡಗೀಮನಿಯೊಳಗ ಕಾಲಿಡಲಿಕ್ಕೆ ಆಗೂದಿಲ್ಲ. ದೇವರ ನೈವೇದ್ಯ ಆಗೂ ಮನಿ ಇದು.”

ಹೇಳಿದ್ದನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ. ಭಾಗೀರಥಿಬಾಯಿಯೂ ಮುಂದೆ ಒಂದು ಮಾತು ಆಡಲಿಲ್ಲ. ಹತ್ತಿ ಎತ್ತಿಕೊಂಡು ಮತ್ತೆ ಹೊಸೆಯತೊಡಗಿದರು. ಆ ಮುದುಕಿ ತನ್ನ ಪರವಾಗಿ ಇನ್ನೊಂದು ಮಾತು ಆಡಿಯಾರು ಎಂದು ವಿಮಲಾಬಾಯಿ ನಾಲ್ಕು ದಿನ ಕಾದಳು. ಐದನೆಯ ದಿನ ತಾನೇ ಬಸ್ಸು ಹತ್ತಿದಳು.

ಚನ್ನಬಸವಣ್ಣ ಅವಳ ಅರ್ಜಿ ಓದಿದರು. ಕನ್ನಡದಲ್ಲಿ, ಅವಳದೇ ಅಕ್ಷರದಲ್ಲಿ ಇತ್ತು. ಯಾವುದೇ ಹುದ್ದೆಯಾದರೂ ಆಗಬಹುದು ಎಂದು ಬರೆದಿದ್ದಳು.

“ಬಾಯಾರ, ಮನ್ಯಾಗ ಒಪ್ಪ್ಯಾರೇನ್ರಿ?”

“ಇಲ್ರೀ.”

“ಸಿಪಾಯಿ ಕೆಲಸ ಅಂದ್ರ ಕಸಾ ಹೊಡೀಬೇಕಾಕ್ಕೈತಿ, ನೀರು ತರಬೇಕಾಕ್ಕೈತಿ. ನಿಮ್ಮ ಯಜಮಾನರು ಕುಂಡ್ರತಿದ್ದ ಕಚೇರ್ಯಾಗನ ಜಾಗಾ ಖಾಲಿ ಐತಿ. ಬ್ಯಾರೆ ಕಡೆ ಬೇಕಂದ್ರ ಕಾಯಬೇಕಾಕ್ಕೈತಿ.”

“ಕಾಯಲಿಕ್ಕೆ ಆಗೂದಿಲ್ರೀ.”

ಅವರು ಅರ್ಜಿಯ ಮೇಲೆ ತಾರೀಖು ಬರೆದು ಸಿಕ್ಕಾ ಒತ್ತಿದರು. ವರ್ಷ ತುಂಬಲು ಇನ್ನು ಒಂಬತ್ತು ದಿನ ಇತ್ತು.

ಮಾರ್ಚಿನಲ್ಲಿ ಆದೇಶ ಬಂತು. ಶಿರಹಟ್ಟಿಯಲ್ಲಿ ಒಂದು ಕೋಣೆ ಹಿಡಿಯಲು ಹುಚ್ಚೀರಪ್ಪ ಮಾಸ್ತರು ಬಂದರು. ಮಂದಾಕಿನಿಯ ಹೆಸರನ್ನು ಅಲ್ಲಿಯ ಶಾಲೆಗೆ ಹಚ್ಚಿದವರೂ ಅವರೇ. ಲಕ್ಷ್ಮೇಶ್ವರದ ಮನೆಯಿಂದ ಹೊರಡುವಾಗ ಸರಸ್ವತಿಬಾಯಿ ಒಳಗಿದ್ದಳು, ದತ್ತಾತ್ರಿ ಗುಡಿಯಲ್ಲಿದ್ದ. ವೆಂಕಟೇಶ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಬಂದ. ಅದನ್ನು ಬಸ್ಸಿನ ಮೇಲೆ ಕಟ್ಟಿ ಹೋದ.

ಮೊದಲ ದಿನ ವಿಮಲಾಬಾಯಿ ಕಚೇರಿ ಗುಡಿಸಿದಳು, ಮೇಜು ಒರೆಸಿದಳು, ಹೊರಗಿನ ನಲ್ಲಿಯಿಂದ ನೀರು ತಂದು ಮಣ್ಣಿನ ಹರವಿ ತುಂಬಿಸಿದಳು. ಹನ್ನೊಂದಕ್ಕೆ ಎಲ್ಲರೂ ಬಂದು ಕೂತರು. ಕಿಟಕಿಯ ಪಕ್ಕದ ಮೇಜು ಅನಂತನದಾಗಿತ್ತು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಿಸಿಲು ಬರುತ್ತದೆ ಎಂದು ಅವನು ದೂರುತ್ತಿದ್ದ ಕಿಟಕಿ ಅದೊಂದೇ. ಅಲ್ಲಿ ಈಗ ಲಕ್ಷ್ಮಪ್ಪ ಎಂಬ ಕಾರಕೂನ ಕೂರುತ್ತಿದ್ದ. ಅನಂತನ ಕೈಕೆಳಗೆ ಕೆಲಸ ಕಲಿತವನು, ಹೆಣದ ಜೊತೆ ಲಕ್ಷ್ಮೇಶ್ವರಕ್ಕೆ ಬಂದವನು. ಅವಳು ತಂಬಿಗೆ, ಲೋಟ ಹಿಡಿದು ಬಂದದ್ದನ್ನು ಕಂಡು ಅವನು ದಡಬಡಿಸಿ ಎದ್ದು ನಿಂತ.

“ವೈನಿಯಾರ, ನೀವ್ಯಾಕ... ನಾನ ತಗೋತೇನ್ರಿ.”

ಉಳಿದವರು ತಲೆ ಎತ್ತಿ ನೋಡಿದರು. ವಿಮಲಾಬಾಯಿಗೆ ಒಂದು ಸಲ ಹಿಂದಕ್ಕೆ ಹೋಗಿಬಿಡಬೇಕು ಅನ್ನಿಸಿತು, ಬಾಗಿಲು, ರಸ್ತೆ, ಬಸ್ಸು, ಎಲ್ಲಾದರೂ.

“ಕೂಡ್ರಿ,” ಅಂದಳು, ಮೆಲ್ಲಗೆ. “ನೀವು ಹಿಂಗ ದಿನಾ ಎದ್ದು ನಿಂತ್ರ ನಂಗ ಕೆಲಸಾ ಮಾಡಲಿಕ್ಕೆ ಆಗೂದಿಲ್ಲ.”

ಲಕ್ಷ್ಮಪ್ಪ ಕೂತ. ಲೋಟ ತೆಗೆದುಕೊಂಡು, ಅವಳ ಮುಖ ನೋಡದೆ, ನೀರನ್ನು ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟ. ಒಳಗಿನ ಕೋಣೆಯಲ್ಲಿ ಸಾಹೇಬರ ಗಂಟೆ ಬಾರಿಸಿತು. ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವಳು ಖಾಲಿ ಲೋಟ ಹಿಡಿದು ನಿಂತೇ ಇದ್ದಳು. ಎರಡನೆಯ ಸಲ 
ಬಾರಿಸಿದಾಗ ತನ್ನನ್ನೇ ಎಂದು ತಿಳಿಯಿತು. ತಂಬಿಗೆಯನ್ನು ಹರವಿಯ ಪಕ್ಕ ಇಟ್ಟು, ಕೈ ಒರೆಸಿಕೊಂಡು, ಒಳಗೆ ಹೋದಳು.